ಸದ್ದು ಬಂದ ದಿಕ್ಕು

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ನಿಂತಿದೆ. 1912ರ ಸಿಲ್ವರ್ ಘೋಸ್ಟ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1911ರ ಆಗಸ್ಟಿನಲ್ಲಿ ತೀರಿಕೊಂಡರು. ಕಾರು ಬರುವ ಹೊತ್ತಿಗೆ ಗದ್ದುಗೆಯ ಮೇಲಿದ್ದವರು ಮಗ ಮೀರ್ ಉಸ್ಮಾನ್ ಅಲಿ ಖಾನ್. ನೋಡಲು ಬಂದವರು ಅದರ ದೀಪಗಳನ್ನೂ ಸಿಂಹಾಸನದಂಥ ಆಸನವನ್ನೂ ಕಂಡು ಮುಂದೆ ಸಾಗುತ್ತಾರೆ. ಎಂಜಿನ್ನಿನ ಚರಿತ್ರೆಯಲ್ಲಿ ಆಸಕ್ತಿ ಇದ್ದವರಿಗೆ ಮುಖ್ಯವಾದದ್ದು ಸ್ಟೀರಿಂಗ್. ಆ ಕಾಲದ ಕಾರುಗಳಲ್ಲಿ ಕಿಡಿ ಯಾವಾಗ ಹಾರಬೇಕು ಎನ್ನುವುದನ್ನು ಚಾಲಕನೇ ಒಂದು ಪುಟ್ಟ ಲಿವರ್‌ನಿಂದ ತೀರ್ಮಾನಿಸುತ್ತಿದ್ದ. ವೇಗ ಏರಿದರೆ ಕಿಡಿ ಬೇಗ ಹಾರಬೇಕು, ದಿಬ್ಬದಲ್ಲಿ ಎಂಜಿನ್ ಏದುಸಿರು ಬಿಟ್ಟರೆ ತಡವಾಗಿ ಹಾರಬೇಕು. ಅಂದಾಜು ತಪ್ಪಿದರೆ ಕಾರು ಪಟಾಕಿ ಹೊಡೆಯುತ್ತಿತ್ತು.

ಇಂಗ್ಲಿಷಿನಲ್ಲಿ ಬ್ಯಾಕ್‌ಫೈರ್ ಎನ್ನುವುದು ಇದನ್ನೇ. ಸಿಲಿಂಡರಿನೊಳಗೆ, ವಾಲ್ವ್‌ಗಳು ಮುಚ್ಚಿರುವಾಗ ಉರಿಯಬೇಕಾದ ಪೆಟ್ರೋಲು ಹೊರಗೆ, ಹೊತ್ತಲ್ಲದ ಹೊತ್ತಿನಲ್ಲಿ ಉರಿಯುವುದು. ಮೊದಲ ತಲೆಮಾರಿನ ಚಾಲಕರಿಗೆ ಅದು ಬರೀ ಸದ್ದಾಗಿರಲಿಲ್ಲ. ಎಂಜಿನ್ನನ್ನು ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು. ಲಿವರನ್ನು 'ತಡ'ದ ಕಡೆ ಇಡುವುದು ಮರೆತರೆ ಕಿಡಿ ಬೇಗ ಹಾರಿ, ಹ್ಯಾಂಡಲ್ ಹಿಂದಕ್ಕೆ ಹೊಡೆದು ಮುಂಗೈ ಮುರಿಯುತ್ತಿತ್ತು. ಮಣಿಕಟ್ಟಿನ ಒಂದು ಬಗೆಯ ಮುರಿತಕ್ಕೆ ವೈದ್ಯರು ಇಂದಿಗೂ ಶೋಫರ್ಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಮೂಳೆ ಮುರಿದುಕೊಂಡವರ ಕಸುಬಿನ ಹೆಸರು ಮುರಿತಕ್ಕೇ ಉಳಿಯಿತು.

ಹೀಗಾಗಿ ಆಗಿನ ರೋಗಪತ್ತೆ ಸುಲಭವೂ ಹೌದು, ಕಠಿಣವೂ ಹೌದು. ತಪ್ಪು ಮಾಡಿದವನೂ ಅದನ್ನು ತಿದ್ದಬೇಕಾದವನೂ ಒಬ್ಬನೇ. ಸದ್ದು ಕೇಳಿದ ಕೂಡಲೇ ಕೈ ಲಿವರಿನತ್ತ ಹೋಗಬೇಕು. ಈ ಹೊಣೆ ನಿಧಾನವಾಗಿ ಚಾಲಕನ ಕೈಯಿಂದ ಜಾರಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ-ಕಾಯಿಲ್ ವ್ಯವಸ್ಥೆ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಬಂತು. ಮುಂದೆ ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತೂಕಗಳು ವೇಗಕ್ಕೆ ತಕ್ಕಂತೆ ಹರಡಿಕೊಂಡು ಕಿಡಿಯ ಹೊತ್ತನ್ನು ತಾವೇ ಬದಲಿಸತೊಡಗಿದವು. ಲಿವರ್ ಮಾಯವಾಯಿತು. ಸದ್ದು ಮಾತ್ರ ಉಳಿಯಿತು, ಈಗ ಅದರ ಕಾರಣ ಮುಚ್ಚಳದ ಒಳಗೆ ಸೇರಿತ್ತು.

ಕಾರಣ ಹುಡುಕುವ ಕೆಲಸ ಮೆಕ್ಯಾನಿಕ್‌ಗೆ ಬಂತು. ಹೈದರಾಬಾದ್ ಸಂಸ್ಥಾನದ ರೈಲ್ವೆ 1932ರಲ್ಲಿ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತು. ಬೀದರ್, ಗುಲ್ಬರ್ಗಾ, ರಾಯಚೂರು ಆಗ ಅದೇ ಸಂಸ್ಥಾನದ ಜಿಲ್ಲೆಗಳು. ಮೋಟಾರು ಅರಮನೆಯ ಅಂಗಳ ದಾಟಿ ಜನರ ರಸ್ತೆಗೆ ಇಳಿದ ಮೇಲೆ ಎಂಜಿನ್ನಿನ ಸದ್ದು ಓದಬಲ್ಲ ಕಿವಿಗಳು ಡಿಪೋಗಳಿಗೂ ಗ್ಯಾರೇಜುಗಳಿಗೂ ಬೇಕಾದವು.

ಆ ಕಿವಿ ಕೇಳುವ ಮೊದಲ ಪ್ರಶ್ನೆ: ಸದ್ದು ಎಲ್ಲಿಂದ ಬಂತು? ಹಿಂದೆ ಸೈಲೆನ್ಸರಿನಲ್ಲಿ ಸಿಡಿದರೆ ಉರಿಯದ ಪೆಟ್ರೋಲು ಅಲ್ಲಿಯತನಕ ಹೋಗಿದೆ ಎಂದರ್ಥ. ಕಿಡಿ ತಪ್ಪಿರಬೇಕು, ಇಲ್ಲವೇ ತಡವಾಗಿರಬೇಕು. ಪೆಟ್ರೋಲು ಹೆಚ್ಚಾಗಿರಬಹುದು, ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚದಿರಬಹುದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಪಟಪಟ ಅಂದರೆ ಸೈಲೆನ್ಸರಿನ ಜೋಡಣೆಯಲ್ಲಿ ಗಾಳಿ ಒಳನುಗ್ಗುತ್ತಿರಬಹುದು. ಮುಂದೆ ಕಾರ್ಬ್ಯುರೇಟರಿನಲ್ಲಿ ಸೀನಿದಂತೆ ಸದ್ದಾದರೆ ಕಥೆ ಬೇರೆ. ಗಾಳಿ ಹೆಚ್ಚಿ ಪೆಟ್ರೋಲು ಕಮ್ಮಿಯಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಒಳವಾಲ್ವ್ ಮತ್ತೆ ತೆರೆಯುವಾಗಲೂ ಬೆಂಕಿ ಆರಿರುವುದಿಲ್ಲ. ಈ ಸೀನನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾರ್ಬ್ಯುರೇಟರಿನ ಸುತ್ತ ಪೆಟ್ರೋಲು ಸೋರಿದ್ದರೆ ಬಾನೆಟ್ಟಿನ ಕೆಳಗೇ ಬೆಂಕಿ ಹೊತ್ತಿಕೊಳ್ಳುತ್ತದೆ.

ಯುದ್ಧದ ನಂತರದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಈ ವಿದ್ಯೆ ಇನ್ನಷ್ಟು ಸೂಕ್ಷ್ಮವಾಯಿತು. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ.ಯನ್ನೇ ನೋಡಬಹುದು. 1250 ಸಿ.ಸಿ. ಎಂಜಿನ್, ನಾಲ್ಕು ಸಿಲಿಂಡರ್, ಅವಕ್ಕೆ ಎರಡು ಎಸ್.ಯು. ಕಾರ್ಬ್ಯುರೇಟರ್. ಎರಡೂ ಒಂದೇ ಸಮನೆ ಉಸಿರಾಡಬೇಕು. ಮೆಕ್ಯಾನಿಕ್ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದೇ ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು ಎರಡರ ಸುಯ್ಲನ್ನೂ ಹೋಲಿಸುತ್ತಾನೆ. ಚೋಕ್ ಸ್ವಲ್ಪ ಎಳೆದಾಗ ಸೀನು ನಿಂತರೆ ಪೆಟ್ರೋಲು ಸಾಲುತ್ತಿಲ್ಲ ಎಂದು ಖಚಿತ. ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿದಾಗ ಎಂಜಿನ್ ನಿಂತುಹೋದರೂ ಅದೇ ಅರ್ಥ. ವೇಗ ಏರಿ ಹಾಗೇ ಉಳಿದರೆ ಪೆಟ್ರೋಲು ಹೆಚ್ಚಾಗಿದೆ.

ಆದರೆ ಅನುಭವಸ್ಥರು ಕಾರ್ಬ್ಯುರೇಟರನ್ನು ಕೊನೆಗೇ ಮುಟ್ಟುವುದು. ಕಾರ್ಬ್ಯುರೇಟರಿನ ಬಹುಪಾಲು ದೋಷ ಕರೆಂಟಿನದ್ದು ಎಂಬುದು ಗ್ಯಾರೇಜುಗಳ ಹಳೆಯ ತಮಾಷೆ, ಅದರಲ್ಲಿ ನಿಜವೂ ಇದೆ. ಪ್ಲಗ್ ಬಿಚ್ಚಿ ಬಣ್ಣ ನೋಡು, ಬಿಳಿಯೋ ಮಸಿಯೋ ಕಾಫಿಯೋ. 1-3-4-2ರ ಕ್ರಮದಲ್ಲಿ ವೈರುಗಳು ಕೂತಿವೆಯೇ ನೋಡು. ಪಾಯಿಂಟಿನ ಅಂತರ ಅಳೆ, ಟೈಮಿಂಗ್ ನೋಡು, ಟ್ಯಾಪೆಟ್ ನೋಡು. ಇವೆಲ್ಲ ಸರಿಯಿದ್ದರೆ ಮಾತ್ರ ಕಾರ್ಬ್ಯುರೇಟರಿನ ಸ್ಕ್ರೂ. ಈ ಕ್ರಮ ತಪ್ಪಿಸಿದವನು ಒಂದು ದೋಷದ ಮೇಲೆ ಇನ್ನೊಂದನ್ನು ಹೇರುತ್ತಾನೆ. ಆಮೇಲೆ ಎರಡರಲ್ಲಿ ಮೊದಲನೆಯದು ಯಾವುದೆಂದು ಅವನಿಗೇ ತಿಳಿಯುವುದಿಲ್ಲ.

ಹೈದರಾಬಾದಿನ ಬಿಸಿಲು ಇದಕ್ಕೊಂದು ತೊಡಕು ಸೇರಿಸುತ್ತದೆ. ಮೇ ತಿಂಗಳ 40 ಡಿಗ್ರಿಯಲ್ಲಿ ಬೆಳಗ್ಗೆ ಚೆನ್ನಾಗಿ ಓಡಿದ ಕಾರು ಅರ್ಧ ಗಂಟೆಯ ಬಳಿಕ ಸಿಗ್ನಲ್ಲಿನಲ್ಲಿ ಮಿಸ್ಸಿಂಗ್ ಶುರು ಮಾಡುತ್ತದೆ. ಕಾರಣ ಎರಡಿರಬಹುದು. ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿದ್ದರೆ ಕಾರ್ಬ್ಯುರೇಟರ್ ಸೀನುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಚೇತರಿಸಿಕೊಳ್ಳುತ್ತದೆ. ಕಾದ ಕಂಡೆನ್ಸರ್ ಕೈಕೊಟ್ಟಿದ್ದರೆ ಸೈಲೆನ್ಸರ್ ಸಿಡಿಯುತ್ತದೆ, ಅದಕ್ಕೆ ಒದ್ದೆ ಬಟ್ಟೆಯಿಂದ ಏನೂ ಆಗದು. ಇಲ್ಲಿಯೂ ದಾರಿ ತೋರಿಸುವುದು ಸದ್ದು ಬಂದ ದಿಕ್ಕೇ.

ಕಳೆದ ಕಾಲು ಶತಮಾನದಲ್ಲಿ ಬದಲಾದದ್ದು ಕಾರಲ್ಲ, ಅದು ಕುಡಿಯುವ ಪೆಟ್ರೋಲು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಗಾಳಿಗೂ ಮಕ್ಕಳ ರಕ್ತಕ್ಕೂ ಅದು ಅಗತ್ಯವೇ ಆಗಿತ್ತು. ಆದರೆ ಹಳೆಯ ಎಂಜಿನ್ನುಗಳ ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಸೀಟು ಸವೆದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಬೆಂಕಿ ಸೈಲೆನ್ಸರಿಗೆ ಇಳಿಯುತ್ತದೆ. ಆಮೇಲೆ ಎಥನಾಲ್ ಬಂತು. 2022ರಲ್ಲಿ ಶೇ. 10 ಇದ್ದ ಬೆರಕೆ 2025ಕ್ಕೆ ಶೇ. 20 ಮುಟ್ಟಿತು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. 1949ರ ಕಾರ್ಬ್ಯುರೇಟರಿನ ಸೂಜಿಗೆ ಪೆಟ್ರೋಲು ಬದಲಾದದ್ದು ತಿಳಿಯುವುದಿಲ್ಲ. ಅದು ಹಿಂದಿನಷ್ಟೇ ಕೊಡುತ್ತದೆ, ಎಂಜಿನ್ ಹಸಿದು ಸೀನುತ್ತದೆ. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನೂ ಕೊರೆಯುತ್ತದೆ. ಸೋರುವ ಕೊಳವೆ, ಸೀನುವ ಕಾರ್ಬ್ಯುರೇಟರ್ ಒಂದೇ ಬಾನೆಟ್ಟಿನ ಕೆಳಗೆ ಸೇರುವುದಕ್ಕಿಂತ ದೊಡ್ಡ ಅಪಾಯ ಹಳೆಯ ಕಾರಿಗೆ ಮತ್ತೊಂದಿಲ್ಲ.

ಮನುಷ್ಯನ ಕೈಯಲ್ಲಿದ್ದ ತಪ್ಪು ಹೀಗೆ ಡಿಸ್ಟ್ರಿಬ್ಯೂಟರಿಗೆ ಹೋಯಿತು, ಅಲ್ಲಿಂದ ಈಗ ಬಂಕಿನ ತನಕ ಬಂದಿದೆ. ಮೆಕ್ಯಾನಿಕ್ ಕೇಳುವ ಪ್ರಶ್ನೆಗಳಿಗೂ ಒಂದು ಸೇರಿಕೊಂಡಿದೆ. ಸದ್ದು ಎಲ್ಲಿಂದ, ತಣ್ಣಗಿದ್ದಾಗಲೋ ಕಾದಾಗಲೋ ಎಂದು ಕೇಳಿದ ಮೇಲೆ ಯಾವ ಪೆಟ್ರೋಲು ಹಾಕಿಸಿದಿರಿ, ಕೊಳವೆ ಬದಲಾಯಿಸಿ ಎಷ್ಟು ವರ್ಷವಾಯಿತು ಎಂದೂ ಅವನು ಕೇಳಬೇಕು. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇಷ್ಟನ್ನು ಕೇಳುವ ಮೆಕ್ಯಾನಿಕ್ ಸಿಕ್ಕರೆ ಹಳೆಯ ಕಾರಿಗೆ ಇನ್ನೂ ಕೆಲವು ವರ್ಷ ರಸ್ತೆಯ ಯೋಗವಿದೆ.