ಕಾಳು, ಹೊಟ್ಟು ಮತ್ತು ಸಿಮೆಂಟಿನ ಧೂಳು

ಕೊಡ್ಲಿ, ಚಿಂಚೋಳಿ, ಸೇಡಂ ಸೀಮೆಯಲ್ಲಿ ರಾಶಿಗೆ ಯಂತ್ರಗಳು ಬರುವ ಮುನ್ನ ಗಾಳಿಗಾಗಿ ಕಾಯುವುದೂ ಒಂದು ಕೆಲಸವಾಗಿತ್ತು. ಗಾಳಿ ಬೀಸತೊಡಗಿದರೆ ಎತ್ತರದಲ್ಲಿ ನಿಂತು ಮೊರದಿಂದ ತೊಗರಿಯನ್ನೋ ಜೋಳವನ್ನೋ ಸುರಿಯುತ್ತಿದ್ದರು. ಕಾಳು ಬುಡದಲ್ಲೇ ಬೀಳುತ್ತಿತ್ತು, ಹೊಟ್ಟು ದೂರ ಹೋಗುತ್ತಿತ್ತು. ಗಾಳಿ ಎರಡಕ್ಕೂ ಒಂದೇ. ಆದರೆ ಹೊಟ್ಟು ನಿಧಾನವಾಗಿ ಬೀಳುತ್ತದೆ. ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ಹೆಚ್ಚು ದೂರ ಸಾಗುತ್ತದೆ.

ಕಣದಲ್ಲಿ ಎಲ್ಲರಿಗೂ ಗೊತ್ತಿದ್ದ ಈ ಸಂಗತಿಗೆ ಲೆಕ್ಕ ಸಿಕ್ಕಿದ್ದು ತಡವಾಗಿ. ಬೀಳುವ ವಸ್ತುವಿನ ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ. ತಡೆ ತೂಕಕ್ಕೆ ಸಮವಾದ ಮೇಲೆ ವೇಗ ಹೆಚ್ಚುವುದಿಲ್ಲ. ಅದೇ ಅಂತಿಮ ವೇಗ. 1710ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಒಳಗೆ ಸುಮಾರು 220 ಅಡಿ ಎತ್ತರದಿಂದ ಗಾಜಿನ ಗೋಳಗಳನ್ನು ಬೀಳಿಸಿ ನೋಡಿದರು. ಪಾದರಸ ತುಂಬಿದ ಗೋಳ ಸುಮಾರು 4 ಸೆಕೆಂಡಿನಲ್ಲಿ ನೆಲ ಮುಟ್ಟಿತು. ಬರಿಯ ಗಾಳಿ ತುಂಬಿದ್ದಕ್ಕೆ ಅದರ ಎರಡರಷ್ಟು ಹೊತ್ತು ಬೇಕಾಯಿತು. ನ್ಯೂಟನ್ ಈ ಪ್ರಯೋಗವನ್ನು ತನ್ನ 'ಪ್ರಿನ್ಸಿಪಿಯಾ'ದಲ್ಲಿ ಸೇರಿಸಿದ.

ಅತಿ ಸಣ್ಣ ಕಣಗಳ ನಿಯಮವನ್ನು ಕೊಟ್ಟವನು 1851ರಲ್ಲಿ ಜಾರ್ಜ್ ಸ್ಟೋಕ್ಸ್. ಕಣದ ಗಾತ್ರ ಅರ್ಧವಾದರೆ ಅದು ಬೀಳುವ ವೇಗ ಕಾಲುಭಾಗವಾಗುತ್ತದೆ. ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದು. ಒಣ ಗಣಿತದಂತೆ ಕಾಣುವ ಈ ಮಾತು ಸುಣ್ಣಕಲ್ಲಿನ ನಾಡಿಗೆ ಬಂದರೆ ಬೇರೆಯೇ ಆಗುತ್ತದೆ.

ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟು ತಯಾರಾಗುತ್ತಿತ್ತು. ವಾಡಿಯ ಕಾರ್ಖಾನೆ ಬಂದದ್ದು 1968ರಲ್ಲಿ. ಮುಂದೆ ಸೇಡಂ, ಮಳಖೇಡಗಳಲ್ಲೂ ಚಿಮಣಿಗಳು ಎದ್ದವು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ, ಅಂದರೆ 10 ಮೈಕ್ರಾನಿನ ಸಿಮೆಂಟು ಕಣದ ಅಂತಿಮ ವೇಗ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರು. 100 ಮೀಟರು ಎತ್ತರದಿಂದ ಅದು ನೆಲಕ್ಕಿಳಿಯಲು ಮೂರು ತಾಸು ಬೇಕು. ಗಂಟೆಗೆ 10 ಕಿ.ಮೀ. ಗಾಳಿ ಇದ್ದರೂ ಅಷ್ಟರಲ್ಲಿ ಅದು 30 ಕಿ.ಮೀ. ದಾಟಿರುತ್ತದೆ. ವಾಡಿಯಿಂದ ಹೊರಟದ್ದು ಶಹಾಬಾದನ್ನು ಹಿಂದೆ ಹಾಕಿ ಹೋಗಬಹುದು. ಇನ್ನು ಒಂದು ಮೈಕ್ರಾನಿನ ಕಣಕ್ಕೆ ಹತ್ತು ಹನ್ನೆರಡು ದಿನಗಳೇ ಬೇಕು. ಇದೂ ಗಾಳಿ ಮೇಲೆ ಕೆಳಗೆ ಆಡದಿದ್ದರೆ ಮಾತ್ರ. ಬೇಸಿಗೆಯ ಮಧ್ಯಾಹ್ನ ಕಾದ ಗಾಳಿ ಮೇಲೇಳುವಾಗ ಇಂಥ ಕಣ ಇಳಿಯುವ ಬದಲು ಏರುತ್ತದೆ.

ಅಂಗಳದ ಫರ್ಸಿಯ ಮೇಲೆ, ತೊಗರಿಯ ಎಲೆಯ ಮೇಲೆ ಬೂದು ಪದರ ಕೂತಾಗ ಜನ ದೂರುವುದು ನ್ಯಾಯವೇ. ಆದರೆ ಬೇಗ ಬಿದ್ದು ಕಣ್ಣಿಗೆ ಕಾಣುವುದು ಬಹುಪಾಲು ದಪ್ಪ ಧೂಳು. ಉಸಿರಿನಲ್ಲಿ ಬಂದರೂ ಅದರ ಹೆಚ್ಚಿನ ಭಾಗವನ್ನು ಮೂಗು, ಗಂಟಲು ತಡೆಯುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಬೀಳದೆ ತೇಲುತ್ತಿರುವ ಸಣ್ಣ ಕಣ. ಅಂಗಳ ಚೊಕ್ಕಟವಾಗಿದೆ ಎಂದು ಗಾಳಿಯೂ ಚೊಕ್ಕಟವೆಂದು ತಿಳಿಯುವಂತಿಲ್ಲ.

ಇಂಥ ಕಣವನ್ನು ತೂಕದ ಬಲದಿಂದ ಇಳಿಸಲಾಗದು. ಬೇರೆ ಬಲ ಬೇಕು. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ 1908ರಲ್ಲಿ ಇದಕ್ಕಾಗಿ ವಿದ್ಯುತ್ ಸಾಧನವೊಂದಕ್ಕೆ ಪೇಟೆಂಟ್ ಪಡೆದ. ಅದು ಕಣಗಳಿಗೆ ವಿದ್ಯುದಾವೇಶ ಕೊಟ್ಟು ಲೋಹದ ತಗಡಿನತ್ತ ಎಳೆಯುತ್ತದೆ. ಕ್ಯಾಲಿಫೋರ್ನಿಯದ ರಿವರ್‌ಸೈಡಿನಲ್ಲಿ ಕಿತ್ತಳೆ ಬೆಳೆಗಾರರು ಸಿಮೆಂಟು ಧೂಳಿನ ವಿರುದ್ಧ ತಿರುಗಿಬಿದ್ದಾಗ, 1910ರ ದಶಕದಲ್ಲಿ, ಆ ಸಾಧನ ಸಿಮೆಂಟು ಕಾರ್ಖಾನೆಗೆ ಬಂತು. ಇಂದು ಅಂಥ ಸಾಧನ ಅಥವಾ ಬಟ್ಟೆ ಚೀಲದ ಶೋಧಕ ಚಿಮಣಿಯ ಧೂಳನ್ನು ಬಹುಮಟ್ಟಿಗೆ ಹಿಡಿಯಬಲ್ಲದು. ತೆರೆದ ಖಣಿಗೂ ಲಾರಿ ಓಡುವ ಕಚ್ಚಾ ರಸ್ತೆಗೂ ಚಿಮಣಿ ಇಲ್ಲ. ಅಲ್ಲಿ ಮುಖ್ಯವಾಗಿ ನೀರು ಚಿಮುಕಿಸುವುದೊಂದೇ ದಾರಿ, ಅದೂ ಒಣಗುವವರೆಗೆ.