ಮರುಬಳಕೆ ವಸ್ತುಗಳಿಂದ ಕಲಾತ್ಮಕ ಆಭರಣ ತಯಾರಿಕೆ: ಕುಶಲಕರ್ಮಿಗಳಿಗೆ ಮಾಹಿತಿ

ಹಳೆಯ ತಾಮ್ರದ ತಂತಿ, ಹಿತ್ತಾಳೆಯ ಚೂರು, ತೆಂಗಿನ ಚಿಪ್ಪು, ಗುಂಡಿ, ಗಾಜು, ಕಾಗದ ಮುಂತಾದ ವಸ್ತುಗಳಿಂದ ಕೈಯಾರೆ ತಯಾರಿಸುವ ಕಲಾತ್ಮಕ ಆಭರಣಗಳ ಬೆಲೆಯು ಲೋಹದ ತೂಕದಿಂದಲ್ಲ, ಕಲ್ಪನೆ ಹಾಗೂ ಕೈಗೆಲಸದಿಂದ ನಿರ್ಧಾರವಾಗುತ್ತದೆ. ಆದರೆ ವಸ್ತುವೊಂದು ಹಳೆಯದು ಅಥವಾ ಬಿಸಾಡಿದ್ದು ಎಂಬ ಮಾತ್ರಕ್ಕೆ ಅದು ಸುರಕ್ಷಿತವೂ ಕಾನೂನುಬದ್ಧವೂ ಆಗುವುದಿಲ್ಲ. ಆದುದರಿಂದ ಈ ಕಸುಬನ್ನು ಕೈಗೊಳ್ಳುವವರ ಹಾಗೂ ನೋಂದಣಿಗೆ ಅರ್ಜಿ ಸಲ್ಲಿಸುವವರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಈ ಪದ್ಧತಿಯು ನಾಡಿಗೆ ಹೊಸದಲ್ಲ. ಲಂಬಾಣಿ ಮಹಿಳೆಯರ ಉಡುಗೆ ತೊಡುಗೆಗಳಲ್ಲಿ ನಾಣ್ಯ, ಕವಡೆ ಮತ್ತು ಕನ್ನಡಿ ಚೂರುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಯುರೋಪಿನಲ್ಲಿ 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಖೈಸ್ ಬಾಕರ್ ಮತ್ತು ಎಮ್ಮಿ ಫಾನ್ ಲೇರ್ಸುಮ್ ಅವರು ಅಲ್ಯೂಮಿನಿಯಮ್‌ನಿಂದ ಆಭರಣಗಳನ್ನು ರೂಪಿಸಿದರು. 1980ರಲ್ಲಿ ಒಟ್ಟೋ ಕ್ಯುಂಜ್ಲಿ ಅವರು ಚಿನ್ನದ ಗುಂಡೊಂದನ್ನು ಕಪ್ಪು ರಬ್ಬರಿನ ಬಳೆಯೊಳಗೆ ಕಾಣದಂತೆ ಅಡಗಿಸಿ, ಆಭರಣದ ಮೌಲ್ಯ ಎಲ್ಲಿದೆ ಎಂಬ ಪ್ರಶ್ನೆಯನ್ನೆತ್ತಿದರು.

2. ತಯಾರಿಕಾ ವಿಧಾನ

(ಅ) ತಾಮ್ರದ ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಚಾಕುವಿನಿಂದ ಸುಲಿದು ತೆಗೆಯತಕ್ಕದ್ದು. ಸುಟ್ಟು ತೆಗೆದಲ್ಲಿ ವಿಷಾನಿಲ ಹೊರಬೀಳುತ್ತದೆ.
(ಆ) ತಾಮ್ರ ಮತ್ತು ಹಿತ್ತಾಳೆಗಳು ಬಗ್ಗಿಸಿದಂತೆಲ್ಲ ಗಡುಸಾಗುತ್ತವೆ. ಮಂದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮತ್ತೆ ಮೃದುವಾಗುತ್ತವೆ. ಅಲ್ಯೂಮಿನಿಯಮ್ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಣ್ಣದ ಸೂಚನೆ ನೀಡದೆಯೇ ಕರಗುವುದರಿಂದ ಅದಕ್ಕೆ ಈ ವಿಧಾನ ಹೊಂದುವುದಿಲ್ಲ.
(ಇ) ಸತು ಲೇಪಿತ ತಗಡನ್ನು ಕಾಯಿಸಬಾರದು. ಅದರ ಹೊಗೆಯಿಂದ ಜ್ವರ ಬರುತ್ತದೆ.
(ಈ) ಚಿಪ್ಪು, ಮರ, ಕಾಗದ, ಪ್ಲಾಸ್ಟಿಕ್‌ಗಳು ಬೆಂಕಿಯನ್ನು ತಾಳಲಾರವು. ಇವುಗಳನ್ನು ಬೆಸುಗೆಯ ಬದಲು ರಿವೆಟ್, ಕೊಂಡಿ ಅಥವಾ ತಂತಿಯ ಸುತ್ತಿನಿಂದ ಜೋಡಿಸತಕ್ಕದ್ದು.
(ಉ) ಗಾಜಿನ ಅಂಚುಗಳನ್ನು ನೀರು ಹಾಕಿಕೊಂಡು ಉಜ್ಜಿ ನಯಗೊಳಿಸಬೇಕು. ಚಿಪ್ಪು ಹಾಗೂ ಗಾಜನ್ನು ಉಜ್ಜುವಾಗ ಮುಖಗವಸು ಮತ್ತು ಕನ್ನಡಕ ಧರಿಸುವುದು ಅವಶ್ಯ.
(ಊ) ನಿಕ್ಕಲ್ ಲೋಹದಿಂದ ಹಲವರಿಗೆ ಚರ್ಮದ ತುರಿಕೆ ಉಂಟಾಗುತ್ತದೆ. ಓಲೆಯ ಕೊಕ್ಕೆಗಳಿಗೆ ಶುದ್ಧತೆ ತಿಳಿದ ಬೆಳ್ಳಿ ಅಥವಾ ಟೈಟೇನಿಯಮ್ ಸೂಕ್ತ.

3. ಬಳಸಬಾರದ ವಸ್ತುಗಳು

(ಅ) ದಂತ, ಹುಲಿಯುಗುರು, ಆನೆಬಾಲದ ಕೂದಲು: ಇವು ಮನೆತನದಲ್ಲಿ ತಲೆಮಾರುಗಳಿಂದ ಬಂದಿದ್ದರೂ ಇವುಗಳಿಂದ ಆಭರಣ ಮಾಡಿ ಮಾರುವುದು 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ಮೇರೆಗೆ ಅಪರಾಧ. ಆನೆ, ಹುಲಿ ಮುಂತಾದ ಮೊದಲನೆಯ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಗಳಿಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ಗಿರಾಕಿಗಳು ಹಳೆಯ ದಂತದ ಬಳೆಯನ್ನು ತಂದು ಹೊಸ ಪದಕ ಮಾಡಿಕೊಡಲು ಕೋರಿದರೂ ಸ್ವೀಕರಿಸಬಾರದು.
(ಆ) ಚಲಾವಣೆಯ ನಾಣ್ಯಗಳು: ಇವುಗಳನ್ನು ಕರಗಿಸುವುದು, ಹಾಳುಗೆಡಹುವುದು 2011ರ ನಾಣ್ಯ ಅಧಿನಿಯಮದಡಿ ನಿಷಿದ್ಧ. ಬದಲಿಗೆ ಹಿತ್ತಾಳೆಯ ಬಿಲ್ಲೆಗಳನ್ನು ಬಳಸಬಹುದು.
(ಇ) ಎಲೆಕ್ಟ್ರಾನಿಕ್ ತ್ಯಾಜ್ಯ: ಹಳೆಯ ಸರ್ಕ್ಯೂಟ್ ಹಲಗೆಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಇವುಗಳನ್ನು ಮನೆಯಲ್ಲಿ ಕತ್ತರಿಸುವುದಾಗಲಿ, ಕಾಯಿಸುವುದಾಗಲಿ ಕೂಡದು. ಆಮ್ಲದಿಂದ ಚಿನ್ನ ತೆಗೆಯುವ ಪ್ರಯತ್ನವು ಪ್ರಾಣಾಪಾಯಕಾರಿ. ಇಂತಹ ತ್ಯಾಜ್ಯವನ್ನು ನೋಂದಾಯಿತ ಸಂಸ್ಕರಣಾ ಘಟಕಗಳಿಗೆ ಒಪ್ಪಿಸತಕ್ಕದ್ದು.

4. ನೋಂದಣಿ ಮತ್ತು ಸೌಲಭ್ಯಗಳು

(ಅ) ಕೇಂದ್ರ ಜವಳಿ ಮಂತ್ರಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯು ಕುಶಲಕರ್ಮಿಗಳಿಗೆ ‘ಪೆಹಚಾನ್’ ಗುರುತಿನ ಚೀಟಿ ನೀಡುತ್ತದೆ.
(ಆ) ಸ್ವಂತ ಘಟಕ ನಡೆಸುವವರು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಆಧಾರ್ ಸಂಖ್ಯೆಯೊಂದಿಗೆ ಅಂತರಜಾಲದಲ್ಲಿ ಪಡೆಯಬಹುದು. ಇದಕ್ಕೆ ಶುಲ್ಕವಿರುವುದಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.
(ಇ) 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿ ಕಸುಬು ಸೇರಿದೆ. ಮರುಬಳಕೆ ಆಭರಣ ತಯಾರಿಕೆಯನ್ನು ಪ್ರತ್ಯೇಕವಾಗಿ ಹೆಸರಿಸಿರುವುದಿಲ್ಲವಾದ್ದರಿಂದ ಅರ್ಜಿದಾರರು ತಮ್ಮ ಕಸುಬಿನ ಅರ್ಹತೆಯನ್ನು ಮೊದಲೇ ವಿಚಾರಿಸತಕ್ಕದ್ದು.

ಅರ್ಜಿದಾರರು ತಾವು ಖರೀದಿಸಿದ ಹಳೆಯ ಸಾಮಗ್ರಿಗಳ ರಶೀದಿಗಳನ್ನು ಕಾಯ್ದಿರಿಸಿಕೊಳ್ಳುವುದು ಹಾಗೂ ಮಾರಾಟದ ಚೀಟಿಯಲ್ಲಿ ಬಳಸಿದ ಲೋಹದ ನಿಜವಾದ ಹೆಸರನ್ನು ನಮೂದಿಸುವುದು ಸೂಕ್ತ. ಹೆಚ್ಚಿನ ವಿವರಗಳಿಗೆ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.