ಮೊಗ್ಲಿಂಗ್ ಮತ್ತು ಕೌಂಡಿನ್ಯ: ಕ್ರೈಸ್ತಪ್ರೀತಿಯ ಸಂಕ್ರಮಣ

ಹೆರ್ಮನ್ ಮೊಗ್ಲಿಂಗನನ್ನು (1811–1881) ಕನ್ನಡ ಸಂಶೋಧನೆಯು ಬಹುಮಟ್ಟಿಗೆ 1843ರ 'ಮಂಗಳೂರ ಸಮಾಚಾರ'ದ ಸಂಪಾದಕನೆಂದೂ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳೇ ಮೊದಲಾದವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದವನೆಂದೂ ಸ್ಮರಿಸುತ್ತ ಬಂದಿದೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿದ್ದುದೂ ಈ ಮುಖದ ಮೊಗ್ಲಿಂಗನಿಗೇ. ಆದರೆ ಅವನು 1836ರಲ್ಲಿ ಮಂಗಳೂರಿಗೆ ಬಂದದ್ದು ಮತಪ್ರಚಾರಕನಾಗಿ. ಅವನು ನಂಬಿದ ಪ್ರೀತಿಯು ಗ್ರಂಥದಿಂದ ಹರಡಿತೇ, ವ್ಯಕ್ತಿಯಿಂದ ವ್ಯಕ್ತಿಗೆ ದಾಟಿತೇ ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಮೊಗ್ಲಿಂಗನ ಶಿಷ್ಯನಾಗಿದ್ದ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದನು. ಊರಿನಲ್ಲಿ ಕೋಲಾಹಲವೆದ್ದಿತು, ಮನೆಮಂದಿ ದೂರವಾದರು. ಅವನು ಧರಿಸಿದ ಹೊಸ ಹೆಸರು ಗುರುವಿನದೇ: ಹೆರ್ಮನ್ ಆನಂದರಾವ್ ಕೌಂಡಿನ್ಯ. ಹಳೆಯ ಹೆಸರನ್ನು ಅಳಿಸದೆ ಗುರುವಿನ ಹೆಸರನ್ನು ಅದರ ಮುಂದಿಟ್ಟುಕೊಂಡದ್ದು ಗಮನಾರ್ಹ. ಇದನ್ನು ಪ್ರೀತಿಯೆಂದೇ ಕರೆಯೋಣವೇ, ಶಾಲೆಯ ಅಧಿಕಾರವು ಎಳೆಯ ಮನಸ್ಸಿನ ಮೇಲೆ ಬೀರಿದ ಪ್ರಭಾವವೆನ್ನೋಣವೇ? ಕುಟುಂಬವು ತೆತ್ತ ಬೆಲೆಯನ್ನು ಮರೆತು ಮೊದಲ ಉತ್ತರವನ್ನು ಕೊಡುವುದು ನ್ಯಾಯವಲ್ಲ. ಆದರೆ ಮುಂದಿನ ಐವತ್ತು ವರ್ಷಗಳ ನಡೆಯನ್ನು ನೋಡಿದರೆ ಎರಡನೆಯದೊಂದೇ ಸಾಲದೆಂಬುದು ಈ ಲೇಖಕನ ಅಭಿಪ್ರಾಯ.

1846ರಲ್ಲಿ ಮೊಗ್ಲಿಂಗನೊಡನೆ ಬಾಸೆಲಿಗೆ ತೆರಳಿದ ಕೌಂಡಿನ್ಯನು ಅಲ್ಲಿನ ಮಿಷನ್ ವಿದ್ಯಾಲಯದಲ್ಲಿ ಶಿಕ್ಷಣ ಮುಗಿಸಿ, 1851ರಲ್ಲಿ ಗುರುದೀಕ್ಷೆ ಹೊಂದಿ ಮರಳಿದನು. ಯುರೋಪಿನಲ್ಲಿ ಉಳಿಯದೆ ಮಂಗಳೂರಿನ ಧರ್ಮಶಾಸ್ತ್ರ ಪಾಠಶಾಲೆಯಲ್ಲಿ ಉಪಾಧ್ಯಾಯನಾದನು. ಶಿಷ್ಯನಾಗಿದ್ದವನು ಈಗ ಶಿಷ್ಯರನ್ನು ಪಡೆದನು.

ಪ್ರಭಾವವು ಒಮ್ಮುಖವಾದುದಲ್ಲ. 1853ರಲ್ಲಿ ಮೊಗ್ಲಿಂಗನು ಕೊಡಗನ್ನು ಪ್ರವೇಶಿಸಿದ್ದಕ್ಕೆ ಕಾರಣ ಬಾಸೆಲ್ ಸಮಿತಿಯ ಆಜ್ಞೆಗಿಂತ ಹೆಚ್ಚಾಗಿ ಅಲ್ಲಿನ ಅಳಮಂಡ ಸೋಮಯ್ಯನ ಕರೆ. ತನ್ನ ಮನೆಯ ಬಾಗಿಲನ್ನು ತೆರೆದವನು ಕೊಡವನೇ. ಹಿಂದೆ ನಡೆದವನು ಜರ್ಮನ್. ಅದರಿಂದ 1855ರ 'ಕೂರ್ಗ್ ಮೆಮಾಯಿರ್ಸ್' ಎಂಬ ಗ್ರಂಥವೂ ದೊರೆಯಿತೆಂಬುದು ಸಂಶೋಧಕರಿಗೆ ತಿಳಿದದ್ದೇ. ಕೊಡಗಿನ ಆನಂದಪುರದಲ್ಲಿ ಜೀತದಲ್ಲಿದ್ದ ಹೊಲೆಯ ಕುಟುಂಬಗಳಿಗಾಗಿ ನೆಲೆ ಏರ್ಪಟ್ಟಾಗ ಆ ಕಾರ್ಯದಲ್ಲಿ ಕೌಂಡಿನ್ಯನೂ ಪಾಲ್ಗೊಂಡನು. ಹುಟ್ಟಿನ ಕಟ್ಟುಪಾಡಿನಂತೆ ಅವನು ಮುಟ್ಟಬಾರದವರೊಡನೆ ಬದುಕು ಹಂಚಿಕೊಂಡದ್ದನ್ನು ಯಾವ ಶಾಲೆಯ ಪಾಠಪಟ್ಟಿಯೂ ಬೋಧಿಸಲಾರದು. ಅದನ್ನು ಯಾರೋ ಬದುಕಿ ತೋರಿಸಿರಬೇಕು. ಆ ನೆಲೆಯಲ್ಲಿ ಒಡೆತನದ ಛಾಯೆ ಪೂರ್ತಿ ಅಳಿದಿತ್ತೆಂದು ಮಾತ್ರ ಭಾವಿಸಬೇಕಾಗಿಲ್ಲ.

1860ರಲ್ಲಿ ಮೊಗ್ಲಿಂಗನು ಭಾರತವನ್ನು ಬಿಟ್ಟನು. ಅವನ ಜೀವನಚರಿತ್ರೆಯನ್ನು ಗೆಳೆಯ ಹೆರ್ಮನ್ ಗುಂಡರ್ಟನು 1882ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರತಂದನು. ಗುರುವು ಹೊರಟ ಮೇಲೂ ಕೌಂಡಿನ್ಯನು 1893ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ದುಡಿದನು.